ಒಂದು ವರ್ಷಕ್ಕೆಂದು ಬಂದ ಅಕ್ಕೋರು

ಅಕ್ಕೋರು ಒಂದು ಸೀರೆ ಕೊಳ್ಳಬೇಕಾದರೆ ವಾಸ್ಕೋದ ಅಂಗಡಿಗೆ ಮೂರು ಸಲವಾದರೂ ಹೋಗಬೇಕಿತ್ತು. ಮೊದಲು ನೋಡಿ ಬರುವುದು, ಆಮೇಲೆ ಕೊಂಡು ತರುವುದು, ಕೊನೆಗೆ ಬದಲಿಸಿಕೊಂಡು ಬರುವುದು. ಬೆಳಗಾವಿ ಕಡೆಯ ಆ ಅಂಗಡಿಯವರು ಅವರನ್ನು ಕಂಡರೆ ನಗುತ್ತಿದ್ದರೇ ಹೊರತು ಬೇಸರಪಡುತ್ತಿರಲಿಲ್ಲ. ಈ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೀರೋ ಹೇಗೆ ಎಂದು ಕೇಳಿ ಚಹಾ ತರಿಸುತ್ತಿದ್ದರು. ಅಕ್ಕೋರು ಕನ್ನಡಕ ತೆಗೆದು, ಮೂಗಿನ ಮೇಲೆ ಅದು ಊರಿದ ಜಾಗವನ್ನು ಎರಡು ಬೆರಳಿನಿಂದ ಒತ್ತಿಕೊಳ್ಳುತ್ತ, "ತಡೀರಿ, ಹಂಗಂದ್ರ..." ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವರ ಎಷ್ಟೋ ಮಾತುಗಳು ಹೀಗೆ "ಹಂಗಂದ್ರ" ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದವು.

ಗೋವಾದ ಝುವಾರಿನಗರದ ನಮ್ಮ ಓಣಿಗಳ ಮಕ್ಕಳಿಗೆ ಅವರು ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ. ಆದ್ದರಿಂದ ಇಲ್ಲೂ ಹೆಸರು ಬೇಡ. ನಮ್ಮ ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಮಾಲು ಏರಿಸುವ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದರು. ಅವ್ವ ದಾಬೋಳಿಯ ಕಡೆ ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುತ್ತಿದ್ದಳು. ಇಬ್ಬರೂ ಬಾದಾಮಿ ತಾಲೂಕಿನವರು. ನಾನು ಹುಟ್ಟಿದ್ದೂ ಅವ್ವನ ತವರಿನಲ್ಲೇ. ಕೂಸಿದ್ದಾಗಲೇ ಗೋವಾಕ್ಕೆ ತಂದರು. ನಾಲ್ಕನೆಯ ಇಯತ್ತೆಯವರೆಗೆ ಅಕ್ಕೋರ ಹತ್ತಿರ ಕಲಿತು, ಆಮೇಲೆ ಇಂಗ್ಲಿಷ್ ಶಾಲೆಗೆ ಹೋದೆ.

ಅವರ ಪಾಠದ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ರಾಜ್ಯ ಯಾವುದು ಎಂದು ಪ್ರಶ್ನೆ ಕೇಳಿದರು. ಕನ್ನಡ ಪುಸ್ತಕಗಳು ಗಡಿಯಾಚೆಯಿಂದ ಬರುತ್ತಿದ್ದುದರಿಂದ ಅವುಗಳಲ್ಲಿ ಕರ್ನಾಟಕ ಎಂದಿತ್ತು. ಮುಂದಿನ ಸಾಲಿನವರೆಲ್ಲ ಹಾಗೇ ಹೇಳಿದೆವು. ಹಿಂದಿನಿಂದ ಒಬ್ಬಳು ಎದ್ದು, ನಾವಿರುವುದು ಗೋವಾದಲ್ಲಲ್ಲವೇ ಎಂದಳು. ಅಕ್ಕೋರು ಕನ್ನಡಕ ತೆಗೆದರು. ಪುಸ್ತಕ ನೋಡಿದರು, ಕಿಟಕಿಯಾಚೆ ಕಾರ್ಖಾನೆಯ ಚಿಮಣಿ ನೋಡಿದರು, ಆ ಹುಡುಗಿಯನ್ನು ನೋಡಿದರು. "ಎರಡೂ ಬರಕೋರಿ" ಎಂದರು. ಪರೀಕ್ಷೆಯಲ್ಲಿ ಎರಡು ಉತ್ತರಕ್ಕೂ ಪೂರ್ತಿ ಅಂಕ ಕೊಟ್ಟರು. ತಪಾಸಣೆಗೆ ಬಂದ ಸಾಹೇಬರು ಅದಕ್ಕೆ ಆಕ್ಷೇಪ ಮಾಡಿದರೆಂದೂ, ಹಾಗಾದರೆ ಸರಿಯುತ್ತರ ಯಾವುದೆಂದು ನೀವೇ ಬರೆದುಕೊಡಿ ಎಂದು ಅಕ್ಕೋರು ನಿಜವಾಗಿಯೂ ತಿಳಿಯದೆ ಕೇಳಿದರೆಂದೂ, ಸಾಹೇಬರು ಬರೆದುಕೊಡದೆ ಹೋದರೆಂದೂ ಆಮೇಲೆ ಕೇಳಿದೆವು.

ಇಂಥವರ ಹತ್ತಿರ ಸಲಹೆ ಕೇಳಲು ಯಾರು ಹೋಗುತ್ತಾರೆ? ಆದರೂ ಓಣಿಯವರೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಅಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ನಾನು ಹನ್ನೆರಡನೆಯದು ಪಾಸಾದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನವೂ ಒಂದೇ ಮಾತು. ನನಗೆ ವಕೀಲಿಕೆ ಓದುವ ಆಸೆ. ಹಿಂದೊಮ್ಮೆ ನಮ್ಮ ಸಾಲಿನ ಮನೆಗಳಿಗೆ ತೆರವಿನ ನೋಟಿಸು ಬಂದಾಗ, ಕಪ್ಪು ಕೋಟಿನ ಒಬ್ಬ ಹೆಣ್ಣುಮಗಳು ಬಂದು ಸಾಹೇಬರ ಎದುರು ನಿಂತು ಮಾತಾಡಿದ್ದಳು. ಅವತ್ತಿನಿಂದ ನನಗೆ ಬೇರೇನೂ ಬೇಡವಾಗಿತ್ತು. ಓದುವುದೆಲ್ಲಿ ಎಂಬುದೇ ಪ್ರಶ್ನೆ. ಅಪ್ಪನಿಗೆ ಧಾರವಾಡವೇ ಆಗಬೇಕು. ಅದು ನಮ್ಮ ರಾಜ್ಯ, ನಮ್ಮ ಭಾಷೆ, ಅಲ್ಲಿ ದೂರದ ಅತ್ತೆಯೊಬ್ಬಳಿದ್ದಾಳೆ, ನಮ್ಮವರಿಗೆ ಫೀಯೂ ಕಡಿಮೆ ಇರುತ್ತದೆ ಎಂದು ಅವರ ಲೆಕ್ಕ. ಅವ್ವನಿಗೆ ನಾನು ಪಣಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬೇಕು. ಊಟ ಮನೆಯದು, ಹಾಸ್ಟೆಲಿನ ಖರ್ಚಿಲ್ಲ. ಪಣಜಿಯ ಕಾಲೇಜಿನಲ್ಲಿ ಗೋವಾದವರಿಗೆ ಫೀಯೂ ಕಡಿಮೆ. ಆದರೆ ನಾನು ಗೋವಾದವಳು ಎಂದು ಯಾರು ಹೇಳಬೇಕು? ಅದಕ್ಕೆ ರೆಸಿಡೆನ್ಸ್ ಸರ್ಟಿಫಿಕೇಟ್ ಬೇಕು. ನಾವಿದ್ದ ಮನೆಗೆ ನಂಬರೇ ಇರಲಿಲ್ಲ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಕಿರಾಣಿ ಅಂಗಡಿಯವರು, ಗೋವಾದ ಸೀಟು ನಮ್ಮಂಥವರಿಗೆ ಸಿಗುವುದೇ ಇಲ್ಲ ಎಂದರು. ಅವ್ವ ಕೆಲಸ ಮಾಡುವ ಮನೆಯ ಒಡತಿ ಬಾಯಿ, ಹೊರಗೆ ಹೋದರೆ ವರ್ಷ ವರ್ಷಕ್ಕೂ ಫೀ ಏರಿಸುತ್ತಾರೆ ಎಂದರು. ಬಂದರಿನಲ್ಲಿ ಕೂಲಿಗಳ ಮೇಲಿನ ಮುಕಾದಮ, ಹುಡುಗಿಗೆ ಇಷ್ಟು ಓದು ಯಾಕೆ ಎಂದ. ಯಾರ ಮಾತು ಕೇಳಿದರೂ ಆ ಕ್ಷಣಕ್ಕೆ ಅದೇ ಸರಿಯೆನಿಸುತ್ತಿತ್ತು. ಬೆಳಿಗ್ಗೆ ಧಾರವಾಡಕ್ಕೆ ಹೊರಟವಳು ನಾನು ಸಂಜೆಗೆ ಪಣಜಿಯ ಬಸ್ಸು ಹತ್ತಿರುತ್ತಿದ್ದೆ, ಮನಸ್ಸಿನಲ್ಲೇ. ಕೊನೆಗೆ ಅವ್ವ ನನ್ನನ್ನು ಅಕ್ಕೋರ ಖೋಲಿಗೆ ಕರೆದುಕೊಂಡು ಹೋದಳು.

ಅಕ್ಕೋರು ಎಲ್ಲವನ್ನೂ ಕೇಳಿಸಿಕೊಂಡರು. ನಡುನಡುವೆ ಪ್ರಶ್ನೆ ಕೇಳಿದರು. ಅವರು ಕೇಳಿದಷ್ಟೂ ನಮಗೆ ತಿಳಿಯದ ಸಂಗತಿಗಳೇ ಹೆಚ್ಚಾದವು. ಧಾರವಾಡದವರು ನನ್ನನ್ನು ಕರ್ನಾಟಕದವಳೆಂದು ಎಣಿಸುತ್ತಾರೆಯೇ? ಹನ್ನೆರಡೂ ವರ್ಷ ಓದಿದ್ದು ಇಲ್ಲಲ್ಲವೇ? ಗೋವಾದವರು ಎಣಿಸುತ್ತಾರೆಯೇ? ಹುಟ್ಟಿದ್ದು ಅಲ್ಲಲ್ಲವೇ? ಎರಡೂ ಕಡೆಯವರು ಇಲ್ಲವೆಂದರೆ? ಅವ್ವನ ಮುಖ ಸಣ್ಣದಾಯಿತು.

"ನನಗ ತಿಳೀವಲ್ದವ್ವಾ" ಎಂದರು ಅಕ್ಕೋರು. "ಎರಡೂ ಕಡೆ ಹೋಗಿ ನೋಡ್ಕೊಂಡು ಬರೂಣು."

ಅವರ ಬದುಕಿನ ಕ್ರಮವೇ ಅದು. ತಿಳಿಯದಿದ್ದರೆ ಎದ್ದು ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು. ಅವರ ಕೊಂಕಣಿ ಅಚ್ಚುಕಟ್ಟಾಗಿತ್ತು, ಆದರೆ ಎಳೆತ ಬಾಗಲಕೋಟೆಯದು. ಪಣಜಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಮೀನು ಮಾರುವ ಹೆಂಗಸಿನಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲರ ಮುಂದೆ ನನ್ನ ಸಮಸ್ಯೆಯನ್ನು ಇಟ್ಟರು. ಕೊರ್ತಾಲಿ ದಾಟುವಷ್ಟರಲ್ಲಿ ಇಡೀ ಬಸ್ಸು ಎರಡು ಪಕ್ಷವಾಗಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ, ಘಟ್ಟದಾಚೆಯಿಂದ ಬಂದ ಈ ಘಾಟಿಗಳಿಗೆ ಎಲ್ಲವೂ ಇಲ್ಲೇ ಬೇಕು ಎಂದು ಗೊಣಗಿದ. ಅಕ್ಕೋರು ತಿರುಗಿ, ಅದೇ ನೋಡಿ ನಮಗೂ ತಿಳಿಯದಿರುವುದು, ಇಲ್ಲಿ ಬೇಕೆನ್ನಬೇಕೋ ಅಲ್ಲಿ ಬೇಕೆನ್ನಬೇಕೋ ನೀವೇ ಹೇಳಿ ಎಂದು ಶಾಂತವಾಗಿ ಅವನನ್ನೂ ಕೇಳಿದರು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಕಾಲೇಜಿನ ಕಚೇರಿಯಲ್ಲಿ, ಸರ್ಟಿಫಿಕೇಟ್ ತಂದರೆ ಇಲ್ಲಿಯವಳು, ತಾರದಿದ್ದರೆ ಹೊರಗಿನವಳು, ಹೊರಗಿನವರಿಗೆ ಸೀಟುಗಳೇ ಕಡಿಮೆ ಎಂದರು.

ಮುಂದಿನ ವಾರ ಅಪ್ಪ, ಅಕ್ಕೋರು, ನಾನು ಧಾರವಾಡಕ್ಕೆ ರೈಲು ಹತ್ತಿದೆವು. ಅವ್ವನಿಗೆ ರಜೆ ಸಿಗಲಿಲ್ಲ. ಲೋಂಡಾ ದಾಟಿದ ಮೇಲೆ ಅಪ್ಪ ಬೇರೆಯೇ ಮನುಷ್ಯರಾದರು. ಬಂದರಿನಿಂದ ಬಂದು ಗೋಡೆಗೊರಗಿ ಸುಮ್ಮನೆ ಕೂರುವ ಅಪ್ಪನನ್ನು ಮಾತ್ರ ನಾನು ಕಂಡಿದ್ದೆ. ಅಂದು ಅವರು ಪ್ರತಿ ಸ್ಟೇಶನ್ನಿನ ಬೋರ್ಡನ್ನು ಗಟ್ಟಿಯಾಗಿ ಓದಿದರು. ಹೊಲಗಳನ್ನು ತೋರಿಸಿ ಇದು ಯಾವ ಮಣ್ಣು, ಇಲ್ಲಿ ಏನು ಬೆಳೆಯುತ್ತಾರೆ ಎಂದೆಲ್ಲ ಹೇಳಿದರು. ಎದುರಿಗೆ ಕೂತವರಿಗೆ, ನಮ್ಮ ಮಗಳು ನಮ್ಮೂರ ಕಡೆಗೇ ಓದಲು ಬರುತ್ತಿದ್ದಾಳೆ ಎಂದರು, ಆಗಲೇ ಸೀಟು ಸಿಕ್ಕಿದಂತೆ.

ಕಾಲೇಜಿನ ಗುಮಾಸ್ತರು ಒಳ್ಳೆಯವರು. ನಮ್ಮನ್ನು ಕೂರಿಸಿ ನೀರು ತರಿಸಿದರು. ನನ್ನ ಅಂಕಪಟ್ಟಿ ನೋಡಿ, ಹುಡುಗಿ ಗೋವಾದಲ್ಲಿ ಓದಿದವಳು, ಹೊರರಾಜ್ಯದವರ ಫೀ ಆಗುತ್ತದೆ ಎಂದರು. ಅಪ್ಪ ಅದು ತಮಗೆ ಹೇಳಿದ ಮಾತೇ ಅಲ್ಲವೇನೋ ಎಂಬಂತೆ ನಕ್ಕರು.

"ನಾವು ಬಾದಾಮಿ ತಾಲೂಕಿನವ್ರರೀ ಸಾಹೇಬ್ರ."

"ಹೌದ್ರಿ, ನೀವು ಬಾದಾಮಿಯವ್ರು. ಹುಡುಗಿ ಓದಿದ್ದೆಲ್ಲಿ?"

"ದುಡಿಯಾಕ ಹೋಗೀವ್ರಿ. ಊರು ಬಿಟ್ಟಿಲ್ರಿ."

ಗುಮಾಸ್ತರು ನಿಯಮದ ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿ ತೋರಿಸಿದರು. ಹೊರನಾಡ ಕನ್ನಡಿಗರಿಗೆ ಒಂದು ದಾರಿ ಇರಬಹುದು, ಅದಕ್ಕೆ ಮೇಲಿನವರನ್ನು ಕೇಳಬೇಕು, ಈ ವರ್ಷ ಆಗುತ್ತದೆಂದು ನಾನು ಹೇಳಲಾರೆ ಎಂದರು. ಅಪ್ಪ ಪುಸ್ತಕವನ್ನು ನೋಡಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ಆ ಫೀ, ಅದರ ಮೇಲೆ ಹಾಸ್ಟೆಲು, ಊಟ ಎಂದರೆ ನಮ್ಮಿಂದ ಆಗದ ಮಾತೆಂದು ಯಾರೂ ಹೇಳಬೇಕಿರಲಿಲ್ಲ.

ಆದರೂ ಅಕ್ಕೋರು ಹಾಸ್ಟೆಲು ನೋಡಿಯೇ ಹೋಗೋಣ ಎಂದರು. ಅಡುಗೆಯವಳನ್ನು ಮಾತಾಡಿಸಿದರು, ಸಾರಿನ ರುಚಿ ನೋಡಿದರು, ನೀರು ಎಷ್ಟು ಹೊತ್ತು ಬರುತ್ತದೆಂದು ವಿಚಾರಿಸಿದರು. ನನಗೆ ಆ ಜಾಗ ಬಹಳ ಹಿಡಿಸಿತು. ಅಂಗಳದಲ್ಲಿ ಬೇವಿನ ಮರ, ಮಂಚದ ಮೇಲೆ ಕಾಲು ಚಾಚಿ ಓದುತ್ತಿದ್ದ ಹುಡುಗಿಯರು. ಎಲ್ಲರ ಬಾಯಲ್ಲೂ ನಮ್ಮ ಮನೆಯ ಮಾತು. ಅವರೊಂದಿಗೆ ಮಾತಾಡುತ್ತ ನಾನು ಕಿಟಕಿಗೆ "ಜನೇಲ್" ಎಂದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಅದು ಕೊಂಕಣಿ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳು, ನೀವು ಕನ್ನಡ ಎಲ್ಲಿ ಕಲಿತಿರಿ ಎಂದು ಮೆಚ್ಚುಗೆಯಿಂದ ಕೇಳಿದಳು. ಪರದೇಶದವರು ಕನ್ನಡ ಮಾತಾಡಿದರೆ ಕೇಳುವ ಹಾಗೆ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ರೈಲಿಗೆ ಇನ್ನೂ ಹೊತ್ತಿತ್ತು. ಅಪ್ಪ ಸ್ಟೇಶನ್ನಿನ ಹೊರಗೆ ಎಲ್ಲೋ ಹೋಗಿ ನಿಂತರು. ಅಕ್ಕೋರು, ನಾನು ಬೆಂಚಿನ ಮೇಲೆ ಕೂತೆವು. ಯಾವುದು ಮಾಡಲಿ ನೀವೇ ಹೇಳಿಬಿಡಿ ಎಂದೆ. ಪಣಜಿಯ ಸರ್ಟಿಫಿಕೇಟಿಗೆ ಓಡಾಡಿ ಅದೂ ಸಿಗದಿದ್ದರೆ? ಇಲ್ಲಿಯ ಮೇಲಿನವರಿಗೆ ಅರ್ಜಿ ಕೊಟ್ಟು ಕಾಯ್ದರೆ ಒಂದು ವರ್ಷ ಹೋಗುವುದಿಲ್ಲವೇ? ಹೋದರೆ ಹೋಗಲಿ, ಆ ಬೇವಿನ ಮರದ ಕೆಳಗೇ ಓದಬೇಕು ಎಂದೂ ಒಂದು ಮನಸ್ಸು ಹೇಳುತ್ತಿತ್ತು. ಅಕ್ಕೋರು ಕನ್ನಡಕ ತೆಗೆದರು. ಆದರೆ ಆ ಸಲ "ಹಂಗಂದ್ರ" ಎನ್ನಲಿಲ್ಲ.

"ನಾ ಗೋವಾಕ್ಕ ಒಂದು ವರ್ಷಕ್ಕಂತ ಬಂದಾಕಿ" ಎಂದರು. "ಶಾಲಿ ಸುರು ಮಾಡ್ಯಾರ, ಕಲಿಸಾವ್ರು ಸಿಗವಲ್ರು, ಒಂದು ವರ್ಷ ಇದ್ದು ಬಾ ಅಂದ್ರು. ಮುಂದಿನ ವರ್ಷ ಹೋಗೂಣು, ಮುಂದಿನ ವರ್ಷ ಹೋಗೂಣು ಅನಕೋತ ಕುಂತೆ. ಒಂದು ಮಂಚ ಸೈತ ತೊಗೊಳ್ಳಿಲ್ಲ ನೋಡು, ಹೋಗೂವಾಗ ಯಾರು ಹೊರಬೇಕು ಅಂತ. ಮದಿವಿ ಮಾತು ಬಂದಾಗೂ ಹಂಗ, ಊರಿಗೆ ಬಂದ ಮ್ಯಾಲ ನೋಡೂಣು ಅಂತ. ಇರಬೇಕು ಅಂತ ಇದ್ದಾಕಿ ಅಲ್ಲ ನಾ. ಹೋಗಬೇಕು ಅಂತ ಹೋದಾಕಿನೂ ಅಲ್ಲ."

ಕನ್ನಡಕ ಹಾಕಿಕೊಂಡು, "ನೀ ಎರಡರಾಗ ಒಂದು ಹಿಡಿ. ಯಾವುದಂತ ಮಾತ್ರ ನನ್ನ ಕೇಳಬ್ಯಾಡ" ಎಂದರು.

ನಾನು ಪಣಜಿ ಎಂದೆ. ವಿಚಾರ ಮಾಡಿ ಹೇಳಿದ್ದಲ್ಲ. ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ ಅಪ್ಪನನ್ನು ಇನ್ನೊಮ್ಮೆ ಆ ಕಚೇರಿಗೆ ಕರೆತರಲಾರೆ ಎಂಬುದಷ್ಟೇ ಆಗ ನನಗೆ ಸ್ಪಷ್ಟವಿತ್ತು. ಅಪ್ಪನಿಗೆ ಹೇಳಿದಾಗ ತಲೆಯಾಡಿಸಿದರು. ಮರಳುವಾಗ ಅವರು ಯಾವ ಬೋರ್ಡನ್ನೂ ಓದಲಿಲ್ಲ.

ಸರ್ಟಿಫಿಕೇಟಿನ ಅರ್ಜಿ ಹೋದ ಮೇಲೆ ತಲಾಠಿ ನಮ್ಮ ಓಣಿಗೆ ವಿಚಾರಣೆಗೆ ಬಂದರು. ಗ್ರಾಮದ ದಾಖಲೆ ನೋಡುವ ಆ ಅಧಿಕಾರಿ ನಡುವಯಸ್ಸಿನ ಗೋವಾದವರು, ಸೆಕೆಗೆ ಬೆವರುತ್ತಿದ್ದರು. ನಂಬರಿಲ್ಲದ ಮನೆಯ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ನಾನು ಇಲ್ಲೇ ಸತತವಾಗಿ ಇದ್ದವಳೆಂದು ಹೇಳುವ ಗೌರವಸ್ಥರು ಬೇಕಿತ್ತು. ಅಕ್ಕೋರನ್ನು ಕರೆಸಿದೆವು. ಕರೆಸಿದ ಮೇಲೆ ನನಗೆ ಹೆದರಿಕೆಯಾಯಿತು. ಎರಡನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಕಾಯಿಲೆಯಾಗಿ, ಒಂದು ಮಳೆಗಾಲ ಪೂರ್ತಿ ನಾನು ಅಜ್ಜಿಯ ಊರಿನಲ್ಲಿದ್ದೆ. ಶಾಲೆಗೆ ಬಾರದ ಆ ಮಳೆಗಾಲ ಅಕ್ಕೋರಿಗೆ ನೆನಪಿರದೆ ಇರುತ್ತದೆಯೇ? ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೂ ಯೋಚಿಸುವವರು ಅವರು.

ತಲಾಠಿ ಕೊಂಕಣಿಯಲ್ಲಿ, ಈ ಹುಡುಗಿ ಇಲ್ಲಿಯವಳೇ ಹೌದೋ ಎಂದು ಕೇಳಿದರು. ಅಕ್ಕೋರ ಕೈ ಕನ್ನಡಕದತ್ತ ಹೋಯಿತು. ಅವ್ವ ಬಾಗಿಲಿಗೆ ಬಂದು ನಿಂತಳು. ಕನ್ನಡಕವನ್ನು ತೆಗೆಯದೆ, ಸರಿಯಾಗಿ ಕೂರಿಸಿಕೊಂಡು ಅಕ್ಕೋರು ಹೇಳಿದರು:

"ಹಾಂಗಾಚೆಂಚ್."

ಇಲ್ಲಿಯವಳೇ. ನಿಮಗೆ ಖಾತ್ರಿ ಇದೆಯೇ ಎಂದು ತಲಾಠಿ ಇನ್ನೊಮ್ಮೆ ಕೇಳಿದರು. ಇವಳಿಗೆ ಅಕ್ಷರ ಕಲಿಸಿದವಳು ನಾನು, ನನಗಲ್ಲದೆ ಇನ್ಯಾರಿಗೆ ಖಾತ್ರಿ ಇರಬೇಕು ಎಂದರು. ಅವರು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ತಲಾಠಿ ಬರೆದುಕೊಂಡು ಹೋದರು.

ಅವರು ಅತ್ತ ಹೋದರೋ ಇಲ್ಲವೋ, ಅಕ್ಕೋರ ಸಂದೇಹ ಇತ್ತ ಬಂತು. ಒಂದು ಮಳೆಗಾಲ ನೀನು ಇರಲಿಲ್ಲ ಅಲ್ಲವೇ ಎಂದು ನನ್ನನ್ನೇ ಕೇಳಿದರು. ಹೌದೆಂದೆ. "ಮಳಿಗಾಲಕ್ಕ ಅಜ್ಜಿ ಮನಿಗೆ ಹ್ವಾದ್ರ ಊರು ಬದಲಾಗೂದಿಲ್ಲ ಬಿಡು" ಎಂದರು. ಎರಡು ದಿನ ಬಿಟ್ಟು ಮನೆಗೆ ಬಂದು, ತಾವು ಸುಳ್ಳು ಹೇಳಿದಂತಾಯಿತೇ ಎಂದು ಅಪ್ಪನನ್ನು ಕೇಳಿದರು. ಆಮೇಲೆ ಸೀರೆ ಅಂಗಡಿಯವರನ್ನೂ ಕೇಳಿದರಂತೆ. ನಾನು ವಕೀಲಿಕೆ ಮುಗಿಸಿದ ಮೇಲೆ ಒಮ್ಮೆ ನನ್ನನ್ನೂ ಕೇಳಿದರು. ಸ್ವಲ್ಪ ದಿನ ಊರಿಗೆ ಹೋಗಿಬಂದರೆ ವಾಸ ತಪ್ಪಿದಂತಲ್ಲ ಎಂದು ವಿವರಿಸಿದೆ. ಹಾಗಿದ್ದರೆ ಸರಿ ಎಂದರು. ಸಮಾಧಾನವಾದಂತೆ ಮಾತ್ರ ಕಾಣಲಿಲ್ಲ.

ಸರ್ಟಿಫಿಕೇಟು ಬಂತು. ಪಣಜಿಯಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಗುರುತಿನ ಚೀಟಿ ತೋರಿಸಲು ಹೋದಾಗ ಅಕ್ಕೋರು ಅದರ ಎರಡೂ ಬದಿ ನೋಡಿ, ನನ್ನ ಕೈಗೆ ಕಲ್ಲುಸಕ್ಕರೆ ಇಟ್ಟರು. ಬಹಳ ಸಂತೋಷವಾಗಿತ್ತು ಅವರಿಗೆ. ಹೊರಡುವಾಗ ಬಾಗಿಲವರೆಗೆ ಬಂದು, ಧಾರವಾಡವೇ ಚಲೋ ಇತ್ತೇನೋ ಎಂದು ಮೆಲ್ಲಗೆ ಅಂದರು.

ಖರೆ ಹೇಳಬೇಕೆಂದರೆ ನನಗೂ ಹಾಗೆ ಅನಿಸುತ್ತಿತ್ತು, ಈಗಲೂ ಕೆಲವು ಸಲ ಅನಿಸುತ್ತದೆ. ಪಣಜಿಯ ಕಾಲೇಜಿನಲ್ಲಿ ನನಗೆ ಯಾವ ಕೊರತೆಯೂ ಆಗಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಪುಸ್ತಕ ಓದುವುದನ್ನು ಕಲಿತೆ. ಇಂದು ವಾಸ್ಕೋದ ಕೋರ್ಟಿನಲ್ಲಿ ಕೆಲಸ ಮಾಡುತ್ತೇನೆ, ಮನೆಗೆ ನಂಬರಿಲ್ಲದವರು ನನ್ನ ಹತ್ತಿರ ಬರುತ್ತಾರೆ. ಆದರೆ ಬೇವಿನ ಮರದ ಕೆಳಗೆ ಓದಬಹುದಾಗಿದ್ದ ಇನ್ನೊಬ್ಬಳು ಹೇಗಿರುತ್ತಿದ್ದಳೋ, ಅವಳ ಪರಿಚಯ ನನಗಾಗಲೇ ಇಲ್ಲ.

ನಮ್ಮ ಓಣಿಯ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗತೊಡಗಿ ಅಕ್ಕೋರ ಶಾಲೆ ಬರಿದಾಯಿತು. ಅವರ ನಿವೃತ್ತಿಯ ವರ್ಷವೇ ಅದನ್ನು ಮುಚ್ಚಿದರು. ಅವರು ಇಲ್ಲೇ ಇರುವುದೋ ಊರಿಗೆ ಹೋಗುವುದೋ ಎಂದು ಬಹಳ ತಿಂಗಳು ವಿಚಾರ ನಡೆಯಿತು. ಕೊನೆಗೆ ಊರಿನಿಂದ ಅವರ ತಮ್ಮ ಬಂದರು. ಅಕ್ಕನ ಪಗಾರದಲ್ಲಿ ಓದಿ ನೌಕರಿ ಹಿಡಿದವರು. ಅಕ್ಕನಿಗೆಂದೇ ಮನೆಗೆ ಹೊಸ ಕೋಣೆ ಕಟ್ಟಿಸಿದ್ದೇನೆ ಎಂದು ಕರೆದುಕೊಂಡು ಹೋದರು. ಊರಿನಿಂದ ಅಕ್ಕೋರು ಫೋನು ಮಾಡುತ್ತಿದ್ದರು. ಅಲ್ಲಿ ತಮಗೆ ಗೋವಾದ ಅಕ್ಕೋರು ಎನ್ನುತ್ತಾರೆ ಎಂದು ನಗುತ್ತಿದ್ದರು. ಇಲ್ಲಿ ಮಳೆ ಬಂತೇ, ಯಾರ ಮನೆಗೆ ಯಾರು ಬಂದರು ಎಂದು ಎಲ್ಲ ಕೇಳುತ್ತಿದ್ದರು. ಆಮೇಲೆ ಫೋನು ಕಡಿಮೆಯಾಯಿತು. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಕ್ಕೋರ ತಮ್ಮ ನನ್ನನ್ನು ಆ ಹೊಸ ಕೋಣೆಗೆ ಕರೆದುಕೊಂಡು ಹೋದರು. ಒಳ್ಳೆಯ ಗಾಳಿ ಬೆಳಕಿನ ಕೋಣೆ. ಅವರ ಹೆಂಡತಿ ಚಹಾ ತಂದಿಟ್ಟು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನೆರೆಯವರಿಗೆ ಕೇಳಿಸದಂತೆ ಬಾಗಿಲು ಮುಂದೆ ಮಾಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಯ ವಾರ ಜ್ವರದಲ್ಲಿ ಅಕ್ಕ ಒಂದೇ ಮಾತು ಹೇಳುತ್ತಿದ್ದರು, ಅದು ಹೊರಗೆ ಹೋಗಬಾರದೆಂದು ಯಾರನ್ನೂ ಹತ್ತಿರ ಬಿಡಲಿಲ್ಲ, ಆದರೂ ಒಂದಿಬ್ಬರ ಕಿವಿಗೆ ಬಿದ್ದುಬಿಟ್ಟಿದೆ ಎಂದು ಹೆಂಡತಿ ಪಿಸುಗುಟ್ಟಿದರು.

"ವರ ಬೇಕು ಅಂತಿದ್ರವ್ವಾ" ಎಂದರು. "ಮಾಕಾ ವರ, ಮಾಕಾ ವರ ಅಂತ. ಹಗಲೆಲ್ಲ ಅದ ಮಾತು."

ತಮ್ಮ ಗೋಡೆಯ ಕಡೆ ನೋಡುತ್ತಿದ್ದರು. "ಅಕ್ಕನ ಮದಿವಿ ಮುಂದ ಮುಂದ ಹಾಕಿದವ್ರು ನಾವ" ಎಂದರು. "ಅಕಿ ಪಗಾರ ನಿಂತ್ರ ನನ್ನ ಓದು ನಿಲ್ತಿತ್ತು. ಬಾಯಿ ಬಿಟ್ಟು ಒಂದಿನ ಕೇಳಿಲ್ಲ. ಕಡೀಕ ಕೇಳಿದ್ಲು ನೋಡ್ರಿ."

ಅಕ್ಕೋರು ಹೇಳುತ್ತಿದ್ದುದನ್ನು ಹಾಗೇ ಇನ್ನೊಮ್ಮೆ ಹೇಳಿ ಎಂದು ಹೆಂಡತಿಯನ್ನು ಕೇಳಿದೆ. ಅವರು ಕಷ್ಟಪಟ್ಟು ಅಕ್ಕೋರ ದನಿಯಲ್ಲೇ ಅಂದರು. ಕೊನೆಯಲ್ಲಿ ಒಂದು "ಗೋ" ಇತ್ತು. ಗೋವಾದ ನಮ್ಮ ಕಡೆ ಹೆಣ್ಣುಮಕ್ಕಳನ್ನು ಸಲುಗೆಯಿಂದ ಕರೆಯುವ ಮಾತು ಅದು.

"ಅದು ಕನ್ನಡ ಅಲ್ರಿ, ಕೊಂಕಣಿ" ಎಂದೆ. "ಮ್ಹಾಕಾ ವ್ಹರ್ ಗೋ. ನನ್ನ ಕರ್ಕೊಂಡು ಹೋಗವಾ ಅಂತ."

ತಮ್ಮ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಮುಖ ಒರೆಸಿಕೊಂಡು ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಎಲ್ಲಿಗೆ ಅಂತ್ರಿ?" ಎಂದು ಕೇಳಿದರು.

ಎಲ್ಲಿಗೆ ಎಂಬುದು ಆ ಮಾತಿನಲ್ಲಿಲ್ಲ ಎಂದೆ. ಅವರ ಹೆಂಡತಿ ಅಷ್ಟರಲ್ಲಿ ಎದ್ದು ಬಾಗಿಲು ತೆರೆದು ಹೊರಗೆ ಹೋಗಿದ್ದರು. ಕಟ್ಟೆಯ ಮೇಲೆ ಕೂತಿದ್ದವರಿಗೆ, ಎಲ್ಲರಿಗೂ ಕೇಳುವಂತೆ, ಆ ಮಾತಿನ ಅರ್ಥ ಹೇಳುತ್ತಿದ್ದರು.